ಅಟ್ಟದಿಂದ ಇಳಿಸಿದ ದೋಣಿ ಇಂಜಿನ್: ಹಗ್ಗ ಎಳೆಯುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೇಮಾವತಿ ಹಿನ್ನೀರು, ಬೇಲೂರಿನ ಯಗಚಿ, ಲಕ್ಕವಳ್ಳಿಯ ಭದ್ರಾ ಹಿನ್ನೀರು, ತೋಟದೊಳಗಿನ ದೊಡ್ಡ ಕೆರೆ. ಹಾಸನ, ಚಿಕ್ಕಮಗಳೂರು ಕಡೆ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್, ಓಡುವ ನೀರು ಹೆಚ್ಚುಕಡಿಮೆ ಇಷ್ಟೇ. ಕರಾವಳಿಯ ಹಾಗೆ ದಿನಾ ಓಡುವುದಿಲ್ಲ. ನಾಲ್ಕು ಬೇಸಿಗೆ ಓಡಿ, ಆಮೇಲೆ ಕಾಫಿ ಗೋಡೋನಿನ ಮೂಲೆಯಲ್ಲೋ ಕೊಟ್ಟಿಗೆಯ ಅಟ್ಟದ ಮೇಲೋ ಐದು, ಹತ್ತು, ಹದಿನೈದು ವರ್ಷ ಮಲಗಿಬಿಡುತ್ತದೆ. ಹಾಗೆ ಮಲಗಿದ ಇಂಜಿನ್ನಿಗೆ ಬಹುಪಾಲು ಇನ್ನೂ ಜೀವ ಇರುತ್ತದೆ. ಅದನ್ನು ಕೊಲ್ಲುವುದು ನಮ್ಮ ಆತುರ. ಒಣಗಿದ ಸಿಲಿಂಡರಿನಲ್ಲಿ ಹಗ್ಗ ಎಳೆಯುತ್ತೇವೆ, ನೀರಿಲ್ಲದೆ ಒಂದು ನಿಮಿಷ ಓಡಿಸಿ ನೋಡುತ್ತೇವೆ. ಮೊದಲು ಎಣ್ಣೆ, ಆಮೇಲೆ ನೀರು, ಆಮೇಲೆ ಕಿಡಿ, ಕಟ್ಟಕಡೆಗೆ ಪೆಟ್ರೋಲು. ಈ ಕ್ರಮ ತಪ್ಪಿಸಬೇಡಿ. ಇಲ್ಲಿನ ವಿವರ 2ರಿಂದ 40 ಎಚ್‌ಪಿವರೆಗಿನ ಟೂ-ಸ್ಟ್ರೋಕ್ ಇಂಜಿನ್ನಿಗೆ. ಫೋರ್-ಸ್ಟ್ರೋಕಿಗೆ ಬೇರೆಯಾಗುವ ಮಾತು ಕೊನೆಯ ಕಡೆ ಇದೆ.

ಇಷ್ಟು ಹಳೆಯ ಇಂಜಿನ್ನಿಗೆ ದುಡ್ಡು ಹಾಕಬಹುದೇ? ಮೊದಲೇ ತಿಳಿಯುವುದು ಹೇಗೆ?

ಬಿಡಿಭಾಗ ಕೊಳ್ಳುವ ಮುಂಚೆ ಮೂರು ವಿಷಯ ನೋಡಿ. ಇಂಜಿನ್ನಿನ ತಲೆಯ ಮೇಲಿನ ಚಕ್ರ, ಅಂದರೆ ಫ್ಲೈವೀಲ್, ಕೈಯಲ್ಲಿ ತಿರುಗುತ್ತದೆಯೇ, ಕೆಳತುದಿಯ ಗೇರ್ ಪೆಟ್ಟಿಗೆಯ ಆಯಿಲ್ ಯಾವ ಬಣ್ಣದಲ್ಲಿದೆ, ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಎಷ್ಟು ಬರುತ್ತದೆ. ಮೂರೂ ಸರಿ ಇದ್ದರೆ ಉಳಿದದ್ದು ರಬ್ಬರ್, ಪ್ಲಗ್, ಸ್ವಚ್ಛ ಮಾಡುವ ಕೆಲಸ, ಅಷ್ಟೇ. ಬ್ಲಾಕ್ ಅಥವಾ ಗೇರ್ ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸುವುದು ಲೇಸು.

ಹಗ್ಗ ಒಂದಿಂಚೂ ಬರುತ್ತಿಲ್ಲ. ಇಂಜಿನ್ ಜಾಮ್ ಆಗಿದೆಯೇ?

ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ. ಗೇರ್ ಬಿದ್ದಿದ್ದಾಗ ಹಗ್ಗ ಬಾರದಂತೆ ಹಲವು ಇಂಜಿನ್‌ಗಳಲ್ಲಿ ಬೀಗ ಇರುತ್ತದೆ. ಅದಲ್ಲದಿದ್ದರೆ ಮೇಲಿನ ಹಗ್ಗದ ಸ್ಟಾರ್ಟರ್ ಬಿಚ್ಚಿ. ಸಾಮಾನ್ಯವಾಗಿ ಮೂರು ಬೋಲ್ಟ್ ಇರುತ್ತವೆ. ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು ಪ್ರದಕ್ಷಿಣೆಯಾಗಿ ತಿರುಗಿಸಿ. ಅದು ತಿರುಗಿದರೆ ದೋಷ ಸ್ಟಾರ್ಟರಿನದ್ದು. ತಿರುಗದಿದ್ದರೆ ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಕೂತಿದೆ.

ಪ್ಲಗ್ ಬಿಚ್ಚಿ. ಇಂಜಿನ್ನಿನೊಳಗಿನ ನೀರು ಬಸಿದ ಮೇಲೆ ಪ್ಲಗ್ ತೂತು ಆಕಾಶ ನೋಡುವ ಹಾಗೆ ಮಲಗಿಸಿ. ಬಹಳಷ್ಟು ಜನ ತಪ್ಪುವುದು ಇಲ್ಲೇ. ಔಟ್‌ಬೋರ್ಡಿನಲ್ಲಿ ಸಿಲಿಂಡರ್ ಅಡ್ಡಕ್ಕೆ ಕೂತಿರುತ್ತದೆ. ಇಂಜಿನ್ ನಿಲ್ಲಿಸಿಕೊಂಡೇ ಎಣ್ಣೆ ಹಾಕಿದರೆ ಅದು ಕೆಳಗಿನ ಗೋಡೆಯಲ್ಲಿ ನಿಂತು, ಮೇಲಿನ ಗೋಡೆ ಒಣಗಿಯೇ ಉಳಿಯುತ್ತದೆ. ಮಲಗಿಸಿದ ಮೇಲೆ ಪ್ರತಿ ಸಿಲಿಂಡರಿಗೆ 15ರಿಂದ 20 ಮಿ.ಲೀ. ಎಣ್ಣೆ ಬಿಡಿ. ಅರ್ಧ ಡೀಸೆಲ್, ಅರ್ಧ ಇಂಜಿನ್ ಆಯಿಲ್ ಸಾಕು. ಅರ್ಧ ಅಸಿಟೋನ್, ಅರ್ಧ ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಇನ್ನೂ ಒಳ್ಳೆಯದು, ಸಂದಿಗೆ ಬೇಗ ಇಳಿಯುತ್ತದೆ. ಅಸಿಟೋನ್ ಬೆಂಕಿ ಹಿಡಿಯುವ ವಸ್ತು, ಒಲೆ ಇರುವ ಕಡೆ ಬೇಡ.

ಮೂರು ದಿನ ಬಿಡಿ. ಆಮೇಲೆ ಫ್ಲೈವೀಲ್ ನಟ್ಟಿಗೆ ಪಾನಾ ಹಾಕಿ, ನಟ್ ಬಿಗಿಯುವ ದಿಕ್ಕಿಗೆ ಮೆಲ್ಲಗೆ ಒತ್ತಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದ ಹಾಗೆ. ಹಿಂದಕ್ಕೆ ಮುಂದಕ್ಕೆ ಆಡಿಸುತ್ತಾ ಹೋಗಿ, ನಡುವೆ ಮತ್ತೆ ಎಣ್ಣೆ ಬಿಡಿ. ಸುತ್ತಿಗೆಯಿಂದ ಫ್ಲೈವೀಲಿಗೆ ಹೊಡೆಯಲೇಬೇಡಿ, ಒಳಗಿನ ಆಯಸ್ಕಾಂತ ಸಿಡಿಯುತ್ತದೆ. ವಾರವಾದರೂ ಅಲುಗದಿದ್ದರೆ ಹೆಡ್ ಬಿಚ್ಚಬೇಕು. ಬಿಚ್ಚಿದ ಮೇಲೆ ಹೆಡ್ ಗ್ಯಾಸ್ಕೆಟ್ ಹೊಸದೇ ಹಾಕಬೇಕು.

ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಈಗ ಸ್ಟಾರ್ಟ್ ಮಾಡಬಹುದೇ?

ಇನ್ನೂ ಇಲ್ಲ. ಟೂ-ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಇಟ್ಟುಕೊಳ್ಳುವ ತೊಟ್ಟಿ ಇಲ್ಲ. ಕ್ರ್ಯಾಂಕಿನ ಬೇರಿಂಗಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಬರುವುದರಿಂದ ಮಾತ್ರ. ಹತ್ತು ಮಳೆಗಾಲ ಕಳೆದ ಮೇಲೆ ಅಲ್ಲಿ ಜಿಡ್ಡಿನ ಪಸೆಯೂ ಇರುವುದಿಲ್ಲ. ಪ್ರತಿ ಪ್ಲಗ್ ತೂತಿಗೆ 5 ಮಿ.ಲೀ., ಕಾರ್ಬೊರೇಟರಿನ ಬಾಯಿಗೆ 10 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಬಿಟ್ಟು, ಫ್ಲೈವೀಲನ್ನು ನಿಧಾನವಾಗಿ ಇಪ್ಪತ್ತು ಸುತ್ತು ತಿರುಗಿಸಿ. ಪ್ಲಗ್ ತೂತಿನ ಮುಂದೆ ಬಟ್ಟೆ ಹಿಡಿಯಿರಿ, ಎಣ್ಣೆ ಚಿಮ್ಮುತ್ತದೆ.

ಆಮೇಲೆ ಕಂಪ್ರೆಶನ್ ಗೇಜ್ ಹಾಕಿ ನೋಡಿ. ಎಲ್ಲ ಪ್ಲಗ್ ಬಿಚ್ಚಿರಬೇಕು, ಪ್ಲಗ್ ವೈರನ್ನು ಬ್ಲಾಕಿಗೆ ತಾಗಿಸಿ ಅರ್ತ್ ಮಾಡಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಹಗ್ಗವನ್ನು ನಾಲ್ಕೈದು ಸಲ ಜೋರಾಗಿ ಎಳೆಯಿರಿ. ಆರೋಗ್ಯವಾಗಿರುವ ಸಣ್ಣ ಇಂಜಿನ್ ಸಾಮಾನ್ಯವಾಗಿ 90ರಿಂದ 130 ಪಿಎಸ್‌ಐ ತೋರಿಸುತ್ತದೆ. ಅಂಕಿಗಿಂತ ಮುಖ್ಯವಾದದ್ದು ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಅದು ನೂರಕ್ಕೆ ಹತ್ತರೊಳಗೆ ಇರಬೇಕು. ಒಂದರಲ್ಲಿ 110, ಇನ್ನೊಂದರಲ್ಲಿ 70 ಬಂದರೆ ಗಾಬರಿ ಬೇಡ. ಮಸಿಯಲ್ಲಿ ಅಂಟಿದ ರಿಂಗು ಎಣ್ಣೆಯಲ್ಲಿ ಒಂದು ರಾತ್ರಿ ನೆನೆದು, ಇಂಜಿನ್ ಒಂದು ಗಂಟೆ ಓಡಿದ ಮೇಲೆ ಬಿಟ್ಟುಕೊಳ್ಳುವುದುಂಟು. ಆಗ ಮತ್ತೆ ಅಳೆಯಿರಿ.

ನೀರು ಎಳೆಯುವ ಇಂಪೆಲ್ಲರ್ ನೋಡಲು ಚೆನ್ನಾಗಿಯೇ ಇದೆ. ಬದಲಿಸಲೇಬೇಕೇ?

ಬದಲಿಸಲೇಬೇಕು. ಅದು ರಬ್ಬರ್. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಬಾಗಿ ನಿಂತು ಅದರ ರೆಕ್ಕೆಗಳು ಬಾಗಿದಂತೆಯೇ ಗಟ್ಟಿಯಾಗಿರುತ್ತವೆ. ಕೈಯಲ್ಲಿ ಹಿಡಿದು ಒಂದು ರೆಕ್ಕೆಯನ್ನು ಎದುರು ದಿಕ್ಕಿಗೆ ಮಡಚಿ ನೋಡಿ. ಬುಡದಲ್ಲಿ ಸಣ್ಣ ಬಿರುಕು ಬಾಯಿ ಬಿಡುತ್ತದೆ. ಆ ಬಿರುಕಿನ ಇಂಪೆಲ್ಲರ್ ನೀರಿನ ಮಧ್ಯದಲ್ಲಿ ಮುರಿದರೆ ಎರಡು ನಿಮಿಷದಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಗೇರ್ ಪೆಟ್ಟಿಗೆಯನ್ನು ಕೆಳಗಿಳಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ಬೋಲ್ಟ್. ಅದಕ್ಕೂ ಮುಂಚೆ ಗೇರ್ ರಾಡಿನ ಜೋಡಣೆ ಬಿಡಿಸಿ, ಇಲ್ಲದಿದ್ದರೆ ರಾಡು ಬಾಗುತ್ತದೆ. ಬೋಲ್ಟ್ ಬಾರದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಟ್ಟು, ಸುತ್ತಲಿನ ಅಲ್ಯುಮಿನಿಯಂ ಬಿಸಿ ಮಾಡಿ ತೆಗೆಯಿರಿ. ತುಂಡಾದ ಬೋಲ್ಟ್ ತೆಗೆಯುವ ಕೆಲಸ ಇಂಪೆಲ್ಲರ್ ಹಾಕುವುದಕ್ಕಿಂತ ಹತ್ತು ಪಟ್ಟು ಹೆಚ್ಚು. ಹಳೆಯ ಇಂಪೆಲ್ಲರಿನ ರೆಕ್ಕೆ ಎಣಿಸಿ. ಒಂದು ಕಡಿಮೆ ಇದ್ದರೆ ಆ ತುಂಡು ಮೇಲಿನ ನೀರಿನ ಕೊಳವೆಯಲ್ಲಿ ಕೂತಿದೆ ಎಂದೇ ಅರ್ಥ, ಹುಡುಕಿ ತೆಗೆಯಿರಿ.

ಹೊಸದಕ್ಕೆ ಸೋಪು ನೀರು ಸವರಿ, ಡ್ರೈವ್ ಶಾಫ್ಟನ್ನು ಮೇಲಿನಿಂದ ನೋಡಿದಾಗ ಪ್ರದಕ್ಷಿಣೆಯಾಗಿ ತಿರುಗಿಸುತ್ತಾ ಪಂಪಿನ ಮುಚ್ಚಳ ಕೂರಿಸಿ. ಎಲ್ಲ ರೆಕ್ಕೆಗಳೂ ಒಂದೇ ಕಡೆ ಬಾಗಬೇಕು. ಶಾಫ್ಟಿಗೆ ಕೂರುವ ಸಣ್ಣ ಕೀ ಬಿದ್ದುಹೋಗದಂತೆ ಒಂದು ಚೂರು ಗ್ರೀಸ್ ಹಚ್ಚಿ ನಿಲ್ಲಿಸಿ. ಇಂಪೆಲ್ಲರ್ ಸೆಟ್ ಹಾಸನದ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಮಲ್ಪೆ, ಮಂಗಳೂರು ಕಡೆಯಿಂದ ತರಿಸಬೇಕು. ಇಂಜಿನ್ನಿನ ಮಾಡೆಲ್ ಸಂಖ್ಯೆ ದೋಣಿಗೆ ಸಿಕ್ಕಿಸುವ ಕ್ಲಾಂಪಿನ ಪಟ್ಟಿಯ ಮೇಲೆ ಇರುತ್ತದೆ, ಅದರ ಫೋಟೋ ಕಳಿಸಿ.

ಗೇರ್ ಪೆಟ್ಟಿಗೆಯ ಆಯಿಲ್ ಹಾಲಿನ ಹಾಗೆ ಬೆಳ್ಳಗಿದೆ. ಏನರ್ಥ?

ನೀರು ಸೇರಿದೆ. ಬಸಿದು, ಸೀಲ್ ಬದಲಿಸಿ. ಕಾರಣ ಹೆಚ್ಚಾಗಿ ಫ್ಯಾನಿನ (ನೀರು ತಳ್ಳುವ ಪ್ರೊಪೆಲ್ಲರಿನ) ಹಿಂದೆ ಸಿಗುತ್ತದೆ. ನಮ್ಮ ಹಿನ್ನೀರುಗಳಲ್ಲಿ ಮೀನಿನ ಬಲೆ ಬಿಡುವ ಕಡೆಯೆಲ್ಲ ನೈಲಾನ್ ಎಳೆ ತೇಲುತ್ತಿರುತ್ತದೆ. ಫ್ಯಾನ್ ಬಿಚ್ಚಿದರೆ ಶಾಫ್ಟಿಗೆ ಬಳೆಯ ಹಾಗೆ ಸುತ್ತಿಕೊಂಡು, ಬಿಸಿಗೆ ಕರಗಿ ಒಂದಾದ ನೈಲಾನ್ ಉಂಗುರ ಕಾಣುತ್ತದೆ. ಸೀಲಿನ ತುಟಿ ಕತ್ತರಿಸುವುದು ಅದೇ. ಬ್ಲೇಡಿನಿಂದ ಬಿಡಿಸಿ, ಶಾಫ್ಟಿಗೆ ಗೀರು ಬೀಳಬಾರದು.

ಹೊಸ ಆಯಿಲ್ ಎಸ್‌ಎಇ 90 ಹೈಪಾಯ್ಡ್ ಗೇರ್ ಆಯಿಲ್, ನೀರಿನ ಇಂಜಿನ್ನಿಗೆಂದೇ ಬರುವುದಾದರೆ ಉತ್ತಮ. ಮೇಲಿನ ತೂತಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಅರ್ಧವೇ ತುಂಬುತ್ತದೆ. ಮೇಲಿನ ಸ್ಕ್ರೂ ಬಿಚ್ಚಿಟ್ಟು, ಕೆಳಗಿನ ತೂತಿನಿಂದ ಒತ್ತಿ ತುಂಬಿ. ಮೇಲೆ ಗುಳ್ಳೆಯಿಲ್ಲದೆ ಆಯಿಲ್ ಬರಲು ಶುರುವಾದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್.

ಕಿಡಿ ಬರುತ್ತಿಲ್ಲ. ಕಾಯಿಲ್ ಹೋಗಿದೆಯೇ?

ಕಾಯಿಲನ್ನು ಕೊನೆಗೆ ನೋಡೋಣ. ಮೊದಲು ಕೈಗೆ ಕಟ್ಟಿಕೊಳ್ಳುವ ಕೆಂಪು ಹಗ್ಗದ ಸುರಕ್ಷತಾ ಕ್ಲಿಪ್ ಅದರ ಜಾಗದಲ್ಲಿದೆಯೇ? ಅದು ಕಳೆದುಹೋಗಿದ್ದರೆ ಇಂಜಿನ್ ಯಾವತ್ತೂ ಕಿಡಿ ಕೊಡುವುದಿಲ್ಲ. ಆಮೇಲೆ ಸ್ಟಾಪ್ ಬಟನ್ನಿನ ವೈರ್. ತೋಟದ ಮನೆಗಳಲ್ಲಿ ಇಲಿ ಕಾಟ ಇದ್ದದ್ದೇ. ಮುಚ್ಚಳದ ಕೆಳಗೆ ಗೂಡು ಕಟ್ಟಿ ವೈರಿನ ಪ್ಲಾಸ್ಟಿಕ್ ಕಡಿದಿರುತ್ತದೆ. ಬರಿಯ ತಂತಿ ಬ್ಲಾಕಿಗೆ ತಾಗಿದರೆ ಸ್ಟಾಪ್ ಬಟನ್ ಒತ್ತಿ ಹಿಡಿದ ಹಾಗೆಯೇ.

ಪ್ಲಗ್ ಹೊಸದು ಹಾಕಿ. ಯಾವ ನಂಬರು ಎಂಬುದನ್ನು ಮುಚ್ಚಳದ ಒಳಗಿನ ಚೀಟಿ ಅಥವಾ ಪುಸ್ತಕ ನೋಡಿಯೇ ತೀರ್ಮಾನಿಸಿ, ಬೈಕಿನ ಪ್ಲಗ್ ಹಿಡಿಸಿತೆಂದು ಹಾಕಬೇಡಿ. ಕಿಡಿ ನೋಡುವಾಗ ಪ್ಲಗ್ಗಿನ ಲೋಹದ ಮೈ ಬ್ಲಾಕಿಗೆ ಗಟ್ಟಿಯಾಗಿ ತಾಗಿರಬೇಕು, ಪ್ಲಗ್ ತೂತಿನಿಂದ ದೂರ ಇರಬೇಕು. ನೀಲಿ ಕಿಡಿ ಚಟ್ ಎಂದರೆ ಸರಿ. ಹಳದಿಯಾಗಿ ಬಡಕಲಾಗಿದ್ದರೆ, ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸಂಪರ್ಕ) ಇರುವ ಹಳೆಯ ಇಂಜಿನ್ನಿನಲ್ಲಿ ಪಾಯಿಂಟಿನ ಮೇಲೆ ಬೂದುಬಣ್ಣದ ಪೊರೆ ಕಟ್ಟಿದೆ. ಅದಕ್ಕೆ ಫ್ಲೈವೀಲ್ ತೆಗೆಯಬೇಕು, ತೆಗೆಯಲು ಪುಲ್ಲರ್ ಬೇಕು. 600 ನಂಬರಿನ ನೀರುಕಾಗದದಿಂದ ಮೆಲ್ಲಗೆ ಉಜ್ಜಿ, ಆಮೇಲೆ ಒಂದು ಒಳ್ಳೆಯ ದಪ್ಪ ಕಾಗದದ ಚೂರನ್ನು ನಡುವೆ ಎಳೆದು ಪುಡಿ ತೆಗೆಯಿರಿ. ಅಂತರ ಸಾಮಾನ್ಯವಾಗಿ 0.3ರಿಂದ 0.4 ಮಿ.ಮೀ. ಇಷ್ಟಾದರೂ ಕಿಡಿ ಇಲ್ಲದಿದ್ದರೆ ಕಂಡೆನ್ಸರ್, ಆಮೇಲೆ ಕಾಯಿಲ್.

ಕಾರ್ಬೊರೇಟರನ್ನು ಬಿಚ್ಚದೆ ಸ್ಪ್ರೇ ಹೊಡೆದರೆ ಸಾಲದೇ?

ಸಾಲದು. ಒಳಗೆ ಬಿಟ್ಟ ಪೆಟ್ರೋಲು ಆವಿಯಾಗಿ, ಬೆಲ್ಲದ ಪಾಕ ಹೊತ್ತಿದ ಹಾಗೆ ಕಂದು ಅಂಟು ಉಳಿದಿರುತ್ತದೆ. ನೀರು ಸೇರಿದ್ದರೆ ಹಿತ್ತಾಳೆ ಜೆಟ್ ಮೇಲೆ ಹಸಿರು ಕಿಲುಬು. ಕೆಳಗಿನ ಬಟ್ಟಲು ಬಿಚ್ಚಿ, ಫ್ಲೋಟ್, ಸೂಜಿ, ಮೇನ್ ಜೆಟ್, ಪೈಲಟ್ ಜೆಟ್ ಎಲ್ಲ ಹೊರಗೆ ತೆಗೆಯಿರಿ. ಪೈಲಟ್ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಒಳಕ್ಕೆ ಮೆಲ್ಲಗೆ ತಿರುಗಿಸಿ, ತಳ ಮುಟ್ಟಲು ಎಷ್ಟು ಸುತ್ತು ಬೇಕಾಯಿತು ಎಂದು ಬರೆದಿಟ್ಟುಕೊಳ್ಳಿ. ಮತ್ತೆ ಹಾಕುವಾಗ ಅಷ್ಟೇ ಸುತ್ತು ಹೊರಕ್ಕೆ.

ಪೈಲಟ್ ಜೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ. ಅದರ ತೂತು ಅರ್ಧ ಮಿ.ಮೀ. ಆಸುಪಾಸಿನದು. ದುಂಡನೆಯ ಚುಕ್ಕಿ ಕಾಣಬೇಕು. ಅರ್ಧಚಂದ್ರ ಕಂಡರೆ ಇನ್ನೂ ಅಂಟಿದೆ. ಕಾರ್ಬೊರೇಟರ್ ಕ್ಲೀನರಿನಲ್ಲಿ ಒಂದು ರಾತ್ರಿ ನೆನೆಸಿ, ಕಂಪ್ರೆಸರ್ ಗಾಳಿ ಹೊಡೆಯಿರಿ. ಕಟ್ಟಿದ್ದು ಬಿಡದಿದ್ದರೆ ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆ ಬಳಸಿ. ಉಕ್ಕಿನ ಸೂಜಿ ತೂತನ್ನು ದೊಡ್ಡದು ಮಾಡಿಬಿಡುತ್ತದೆ, ಆ ಜೆಟ್ ಮತ್ತೆ ಕೆಲಸಕ್ಕೆ ಬಾರದು. ಬಟ್ಟಲಿನ ಗ್ಯಾಸ್ಕೆಟ್, ಸೂಜಿ, ಪೆಟ್ರೋಲ್ ಪಂಪಿನ ಡಯಾಫ್ರಮ್ ಹೊಸವು ಹಾಕಿ. ಸಕಲೇಶಪುರ, ಮೂಡಿಗೆರೆಯಲ್ಲಿ ಕಳೆ ಕೊಚ್ಚುವ ಯಂತ್ರ ರಿಪೇರಿ ಮಾಡುವವರ ಕೈ ಈ ಕೆಲಸಕ್ಕೆ ಪಳಗಿರುತ್ತದೆ. ಆದರೆ ಆ ಯಂತ್ರದ ಕಾರ್ಬೊರೇಟರಿನಲ್ಲಿ ಫ್ಲೋಟ್ ಬದಲು ಡಯಾಫ್ರಮ್ ಇರುತ್ತದೆ. ಫ್ಲೋಟಿನ ಎತ್ತರ ನೀವೇ ನಿಂತು ನೋಡಿಸಿ.

ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಇದೆ. ಹೊಸದು ಬೆರೆಸಿ ಓಡಿಸಬಹುದೇ?

ಬೇಡ. ಈಗ ಬಂಕಿನಲ್ಲಿ ಸಿಗುವುದು ಬಹುತೇಕ ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಜೂನ್‌ನಿಂದ ಸೆಪ್ಟೆಂಬರ್ ಗಾಳಿಯಲ್ಲಿ ತೇವಕ್ಕೇನೂ ಬರವಿಲ್ಲ. ನೀರು ಒಂದು ಮಿತಿ ದಾಟಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಬೆರೆಸಿದ ಟೂ-ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಇಂಜಿನ್ ಹೀರುವುದು ತಳದಿಂದ, ಅಂದರೆ ಎಣ್ಣೆಯಿಲ್ಲದ ದ್ರವ. ಗಾಜಿನ ಬಾಟಲಿಗೆ ಸ್ವಲ್ಪ ಹಾಕಿ ಅರ್ಧ ಗಂಟೆ ಇಡಿ, ಎರಡು ಪದರ ಕಣ್ಣಿಗೇ ಕಾಣುತ್ತದೆ.

ಹಳೆಯ ರಬ್ಬರ್ ಪೈಪಿಗೂ ಎಥೆನಾಲ್ ಆಗುವುದಿಲ್ಲ. ಪೈಪಿನ ತುದಿಯೊಳಗೆ ಬೆರಳು ಆಡಿಸಿ. ಕಪ್ಪು ಹತ್ತಿದರೆ ಪೈಪು, ಕೈಯಲ್ಲಿ ಒತ್ತುವ ಬಲ್ಬು ಎರಡೂ ಬದಲಿಸಿ. ಬಲ್ಬಿನ ಬಾಣದ ಗುರುತು ಇಂಜಿನ್ ಕಡೆಗೆ ಇರಬೇಕು.

ಪೆಟ್ರೋಲಿಗೆ ಎಷ್ಟು ಆಯಿಲ್, ಯಾವ ಆಯಿಲ್?

ಟಿಸಿ-ಡಬ್ಲ್ಯು3 ಎಂದು ಬರೆದಿರುವ ಔಟ್‌ಬೋರ್ಡ್ ಆಯಿಲ್. ಕಳೆ ಯಂತ್ರದ ಆಯಿಲ್ ಗಾಳಿಯಿಂದ ತಣ್ಣಗಾಗುವ, ತುಂಬಾ ಕಾಯುವ ಇಂಜಿನ್ನಿಗೆ ಮಾಡಿದ್ದು. ನೀರಿನಿಂದ ತಣ್ಣಗಿರುವ ಇಂಜಿನ್ನಿನಲ್ಲಿ ಅದು ಪೂರ್ತಿ ಉರಿಯದೆ ರಿಂಗಿಗೂ ಪ್ಲಗ್ಗಿಗೂ ಕಿಟ್ಟ ಕಟ್ಟುತ್ತದೆ. 50ಕ್ಕೆ 1 ಎಂದರೆ ಲೀಟರಿಗೆ 20 ಮಿ.ಲೀ. ಎಬ್ಬಿಸಿದ ಮೇಲಿನ ಮೊದಲ 5 ಲೀಟರಿಗೆ ಮಾತ್ರ ಇಮ್ಮಡಿ ಹಾಕಿ, ಅಂದರೆ ಒಟ್ಟು 200 ಮಿ.ಲೀ. ತುಂಬಾ ಹಳೆಯ ಮಾಡೆಲ್ಲಿಗೆ ಕಂಪನಿಯೇ ಹೆಚ್ಚು ಆಯಿಲ್ ಹೇಳಿದ್ದರೆ ಆ ಲೆಕ್ಕವೇ ಖಾಯಂ.

ಮೊದಲ ಸಲ ಎಲ್ಲಿ, ಹೇಗೆ ಓಡಿಸುವುದು?

200 ಲೀಟರಿನ ಡ್ರಮ್ಮಿನಲ್ಲಿ, ಬಯಲಲ್ಲಿ. ಎರಡು ಗೂಟ ಹುಗಿದು, ಅಡ್ಡಕ್ಕೆ ಎರಡಿಂಚು ದಪ್ಪದ ಹಲಗೆ ಬಿಗಿದು ಇಂಜಿನ್ ಸಿಕ್ಕಿಸಿ. ಫ್ಯಾನ್ ಬಿಚ್ಚಿಡಿ. ಫ್ಯಾನಿನ ಮೇಲಿರುವ ಅಗಲ ತಟ್ಟೆಗಿಂತ ಒಂದು ಗೇಣು ಮೇಲಕ್ಕೆ ನೀರಿರಲಿ. ಗೇರ್ ನ್ಯೂಟ್ರಲ್. ಟ್ಯಾಂಕಿನ ಗಾಳಿ ಸ್ಕ್ರೂ ತೆರೆದು, ಬಲ್ಬನ್ನು ಗಟ್ಟಿಯಾಗುವವರೆಗೆ ಒತ್ತಿ, ಚೋಕ್ ಎಳೆದು, ಹಗ್ಗ ಎಳೆಯಿರಿ.

ಆರೇಳು ಸಲಕ್ಕೂ ಹತ್ತದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಕಿಡಿಯ ದೋಷ ಅಥವಾ ಪೆಟ್ರೋಲ್ ಹೆಚ್ಚಾಗಿದೆ, ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಹತ್ತಿಕೊಂಡರೆ ಬಿಳಿ ಹೊಗೆ ದಟ್ಟವಾಗಿ ಬರುತ್ತದೆ. ನೀವೇ ಬಿಟ್ಟ ಎಣ್ಣೆ ಅದು, ಹೆದರಬೇಡಿ. ಕಣ್ಣು ಮಾತ್ರ ಪಕ್ಕದ ಸಣ್ಣ ತೂತಿನ ಮೇಲಿರಲಿ. ಅರ್ಧ ನಿಮಿಷದೊಳಗೆ ಅಲ್ಲಿಂದ ನೀರಿನ ಧಾರೆ ಬರಬೇಕು. ಒಂದು ನಿಮಿಷಕ್ಕೂ ಬಾರದಿದ್ದರೆ ನಿಲ್ಲಿಸಿ, ಇನ್ನೊಂದು ನಿಮಿಷ ನೋಡೋಣ ಎನ್ನಬೇಡಿ. ಐದು ನಿಮಿಷ ಓಡಿಸಿ ಆರಿಸಿ, ಹೆಡ್ ಮೇಲೆ ಒಂದು ಹನಿ ನೀರು ಹಾಕಿ. ಚುಂಯ್ ಎಂದು ಹಾರಿದರೆ ನೀರು ಸಾಲುತ್ತಿಲ್ಲ.

ಇಂಪೆಲ್ಲರ್ ಹೊಸದು. ಆದರೂ ನೀರಿನ ಧಾರೆ ಬರುತ್ತಿಲ್ಲ.

ಆ ತೂತಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುವುದು ಮಲೆನಾಡಿನಲ್ಲಿ ಮಾಮೂಲಿ. ಕಳೆ ಯಂತ್ರದ ನೈಲಾನ್ ದಾರದ ತುಂಡು ತೂರಿಸಿ ಕೆದಕಿ, ಹೊರಗಿನಿಂದ ಒಳಕ್ಕೆ ಗಾಳಿ ಹೊಡೆಯಿರಿ. ತಂತಿ ಬೇಡ, ಒಳಗಿನ ರಬ್ಬರ್ ಕೊಳವೆ ಹರಿಯುತ್ತದೆ. ಅದೂ ಅಲ್ಲದಿದ್ದರೆ ಥರ್ಮೋಸ್ಟಾಟ್ (ಬಿಸಿಯಾದಾಗ ನೀರಿಗೆ ದಾರಿ ಬಿಡುವ ಕವಾಟ) ಬಿಚ್ಚಿ ಬಿಸಿನೀರಿಗೆ ಹಾಕಿ. ನೀರು ಕುದಿಯುವ ಹೊತ್ತಿಗೂ ಬಾಯಿ ತೆರೆಯದಿದ್ದರೆ ಅದು ಕೆಟ್ಟಿದೆ.

ಡ್ರಮ್ಮಿನಲ್ಲಿ ಚೆನ್ನಾಗಿ ಓಡಿತು, ದೋಣಿಯಲ್ಲಿ ಥ್ರಾಟಲ್ ಕೊಟ್ಟರೆ ನಿಂತುಹೋಗುತ್ತದೆ.

ಓಡುತ್ತಿರುವಾಗಲೇ ಇನ್ನೊಬ್ಬರು ಬಲ್ಬ್ ಒತ್ತಲಿ. ಚೇತರಿಸಿಕೊಂಡರೆ ಪೆಟ್ರೋಲ್ ಪಂಪು, ಪೈಪಿನ ಜೋಡಣೆ ಅಥವಾ ಮುಚ್ಚಿದ ಗಾಳಿ ಸ್ಕ್ರೂ. ಬಲ್ಬು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ತಡೆ ಟ್ಯಾಂಕಿನ ಕಡೆ ಇದೆ. ಇಂಜಿನ್ ಜೋರಾಗಿ ಕೂಗಿ ದೋಣಿ ಮಾತ್ರ ಹೋಗದಿದ್ದರೆ ಫ್ಯಾನಿನೊಳಗಿನ ರಬ್ಬರ್ ಬುಷ್ ಜಾರುತ್ತಿದೆ, ಸಣ್ಣ ಇಂಜಿನ್ನಿನಲ್ಲಿ ಶಿಯರ್ ಪಿನ್ ತುಂಡಾಗಿದೆ. ಮೊದಲ ದಿನ ಹುಟ್ಟು ಜೊತೆಯಲ್ಲಿರಲಿ, ದಡದ ಅಂಚಿನಲ್ಲೇ ಓಡಿಸಿ, ಸುರಕ್ಷತಾ ಹಗ್ಗ ಕೈಗೆ ಕಟ್ಟಿ, ಲೈಫ್ ಜಾಕೆಟ್ ಹಾಕಿ.

ಶಿಯರ್ ಪಿನ್ ಪದೇ ಪದೇ ಮುರಿಯುತ್ತದೆ. ಮೊಳೆ ಹಾಕಬಹುದೇ?

ಬೇಡ. ಫ್ಯಾನ್ ಏನಕ್ಕಾದರೂ ಬಡಿದಾಗ ತಾನು ಮುರಿದು ಗೇರ್ ಉಳಿಸುವುದೇ ಆ ಪಿನ್ನಿನ ಕೆಲಸ. ಸರಿಯಾದ ಪಿನ್ ಎರಡು ಜೇಬಲ್ಲಿರಲಿ. ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿ ಚರ್ಚಿನ ಗೋಡೆ ನೀರಿನಿಂದ ಪೂರ್ತಿ ಎದ್ದು ನಿಲ್ಲುವ ಬೇಸಿಗೆಯಲ್ಲಿ ಹಿನ್ನೀರಿನ ಮರದ ಬೊಡ್ಡೆಗಳೂ ಮೇಲಕ್ಕೆ ಬಂದಿರುತ್ತವೆ. ಆಗ ದಡದ ಹತ್ತಿರ ನಿಧಾನವಾಗಿ ಹೋಗುವುದೊಂದೇ ದಾರಿ.

ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ಸೀಮೆಎಣ್ಣೆ ಇಂಜಿನ್ ತರಬಹುದೇ?

ತರಬಹುದು, ಉಪ್ಪು ಏನು ಮಾಡಿದೆ ಎಂದು ನೋಡಿ. ದುಡ್ಡು ಕೊಡುವ ಮುಂಚೆ ಥರ್ಮೋಸ್ಟಾಟ್ ಮುಚ್ಚಳದ ಒಂದು ಬೋಲ್ಟ್ ಬಿಚ್ಚಿಸಿ. ಸಲೀಸಾಗಿ ಬಂದರೆ ಇಂಜಿನ್ನನ್ನು ಸಿಹಿನೀರಿನಲ್ಲಿ ತೊಳೆಯುತ್ತಿದ್ದರು ಎಂದರ್ಥ. ಒಳಗೆ ನೀರು ಹರಿಯುವ ದಾರಿಯಲ್ಲಿ ಬಿಳಿ ಪುಡಿ ಗಟ್ಟಿಯಾಗಿ ತುಂಬಿದ್ದರೆ ಬಿಡಿ. ಸೀಮೆಎಣ್ಣೆ ಇಂಜಿನ್ನನ್ನು ಪೆಟ್ರೋಲಿನಲ್ಲಿ ಹೊತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಆರಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದು ಕಾರ್ಬೊರೇಟರ್ ತೊಳೆದುಕೊಳ್ಳಲು ಬಿಡಬೇಕು. ಇದರ ಕಂಪ್ರೆಶನ್ ಕಡಿಮೆ ಇರುವುದು ಸಹಜ.

ಮಲ್ಪೆಯಲ್ಲಿ ಕಂಡಷ್ಟು ವೇಗ ಇಲ್ಲಿ ಬರುತ್ತಿಲ್ಲ, ಯಾಕೆ?

ಎತ್ತರ. ಗೊರೂರಿನ ಹೇಮಾವತಿ ಜಲಾಶಯದ ಪೂರ್ಣಮಟ್ಟವೇ ಸಮುದ್ರಮಟ್ಟದಿಂದ 2922 ಅಡಿ, ಸುಮಾರು 890 ಮೀಟರ್. ಪ್ರತಿ 300 ಮೀಟರಿಗೆ ಸುಮಾರು ನೂರಕ್ಕೆ 3ರಷ್ಟು ಶಕ್ತಿ ಇಳಿಯುತ್ತದೆ, ಇಲ್ಲಿ ಹತ್ತಿರ ಹತ್ತಿರ ನೂರಕ್ಕೆ 9. ಲಕ್ಕವಳ್ಳಿ ಇನ್ನೂ ತಗ್ಗಿನಲ್ಲಿದೆ, ಅಲ್ಲಿ ನಷ್ಟ ಕಡಿಮೆ. ಜೆಟ್ ಮುಟ್ಟಬೇಡಿ. ಪಿಚ್ (ಫ್ಯಾನ್ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಒಂದಿಂಚು ಕಡಿಮೆ ಇರುವ ಫ್ಯಾನ್ ಹಾಕಿ ನೋಡಿ.

ನೀರಿಗಿಳಿಸಲು ಅನುಮತಿ ಬೇಕೇ?

ಜಲಾಶಯದಲ್ಲಿ ಬೇಕು. ಹೇಮಾವತಿ ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ. ಭದ್ರಾ ಹಿನ್ನೀರಿನ ಸುತ್ತ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಇಳಿಯಬೇಡಿ. ಹಾಸನ ಪಟ್ಟಣ ಕುಡಿಯುವುದು ಹೇಮಾವತಿಯ ನೀರು. ಇಂಜಿನ್ನಿನ ಎಣ್ಣೆ ಮೊದಲು ಡ್ರಮ್ಮಿನಲ್ಲೇ ಹೊರಬೀಳಲಿ. ಆ ನೀರಿನ ಮೇಲಿನ ಎಣ್ಣೆಪೊರೆಯನ್ನು ಗೋಣಿ ಅಥವಾ ಬಟ್ಟೆಯಲ್ಲಿ ಹೀರಿಸಿ ತೆಗೆಯಿರಿ, ಕೆರೆ ಹಳ್ಳಕ್ಕೆ ಬಿಡಬೇಡಿ.

ಫೋರ್-ಸ್ಟ್ರೋಕ್ ಆದರೆ?

ಇಂಜಿನ್ ಆಯಿಲ್, ಫಿಲ್ಟರ್ ಇದ್ದರೆ ಅದೂ, ತಿರುಗಿಸುವ ಮುಂಚೆಯೇ ಬದಲಿಸಿ. ಪುಸ್ತಕ ಹೇಳಿದ ಮಗ್ಗುಲಿಗೇ ಮಲಗಿಸಿ. ಬೇರೆ ಮಗ್ಗುಲಿಗೆ ಮಲಗಿಸಿದ್ದರೆ ಸಿಲಿಂಡರಿಗೆ ಆಯಿಲ್ ಇಳಿದಿರುತ್ತದೆ. ಪ್ಲಗ್ ಬಿಚ್ಚದೆ ಹಗ್ಗ ಎಳೆದರೆ ಕನೆಕ್ಟಿಂಗ್ ರಾಡ್ ಬಾಗಬಹುದು.

ಮುಂದಿನ ಮಳೆಗಾಲಕ್ಕೆ ಎತ್ತಿಡುವುದು ಹೇಗೆ?

ಮೇ ಕೊನೆಯಲ್ಲಿ ಡ್ರಮ್ಮಿನಲ್ಲಿ ಓಡಿಸುತ್ತಲೇ ಪೆಟ್ರೋಲ್ ಪೈಪ್ ಕಳಚಿ, ನಿಂತುಹೋಗುವ ಹೊತ್ತಿಗೆ ಕಾರ್ಬೊರೇಟರಿನ ಬಾಯಿಗೆ ಟೂ-ಸ್ಟ್ರೋಕ್ ಆಯಿಲ್ ಚಿಮುಕಿಸಿ. ಬಟ್ಟಲಿನ ಬಸಿಯುವ ಸ್ಕ್ರೂ ತೆಗೆದು ಉಳಿದದ್ದನ್ನೂ ಬಸಿಯಿರಿ. ಪ್ರತಿ ಪ್ಲಗ್ ತೂತಿಗೆ 5 ಮಿ.ಲೀ. ಆಯಿಲ್ ಬಿಟ್ಟು ಎರಡು ಸುತ್ತು ತಿರುಗಿಸಿ ಪ್ಲಗ್ ಹಾಕಿ. ಗೇರ್ ಆಯಿಲ್ ಈಗಲೇ ಬದಲಿಸಿ, ನೀರು ಸೇರಿದ್ದು ಮಳೆಗಾಲವಿಡೀ ಬೇರಿಂಗ್ ತಿನ್ನುತ್ತದೆ. ಮಲಗಿಸಬೇಡಿ, ಹಲಗೆಗೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿ. ಧಾರೆಯ ತೂತಿಗೆ ಬಟ್ಟೆಯ ಚೂರು ತುರುಕಿ, ಅದರ ಬಾಲ ಕೆಂಪಾಗಿ ಕಾಣುವ ಹಾಗೆ ಹೊರಗೆ ಬಿಡಿ, ಮುಂದಿನ ವರ್ಷ ತೆಗೆಯಲು ಮರೆಯಬಾರದು. ಪ್ಲಾಸ್ಟಿಕ್ ಟಾರ್ಪಾಲಿನಲ್ಲಿ ಸುತ್ತಿದರೆ ಒಳಗೇ ಬೆವರುತ್ತದೆ, ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿದರೆ ಸಾಕು. ತಿಂಗಳಿಗೊಮ್ಮೆ ಪ್ಲಗ್ ಬಿಚ್ಚಿ ಫ್ಲೈವೀಲನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಹೋದ ತಿಂಗಳು ನಿಂತಿದ್ದ ಜಾಗದಲ್ಲಿ ನಿಲ್ಲದಂತೆ ಬಿಡಿ.